ಫಾಸ್ಟ್ ಕನ್ನಡಿ ದೂರದರ್ಶಕಕ್ಕೆ ಕಡಿಮೆ ವರ್ಧನೆಯ ಐಪೀಸ್: ಕಣ್ಣಿನಿಂದ ಶುರುಮಾಡಿ ಆರಿಸುವ ಬಗೆ

ಡಿಸೆಂಬರಿನ ಒಂದು ಅಮಾವಾಸ್ಯೆ ರಾತ್ರಿ ಚಿಕ್ಕಮಗಳೂರು ಕಡೆಯ ಚಿಕ್ಕಪ್ಪನ ತೋಟದಲ್ಲಿದ್ದೆ. ಕಣದ ತುಂಬ ಕಾಫಿ, ಅದರ ಮೇಲೆ ಟಾರ್ಪಾಲು. ಮೂಲೆಯಲ್ಲಿ ಉಳಿದ ಜಾಗದಲ್ಲಿ ನನ್ನ 10 ಇಂಚಿನ ಡಾಬ್ಸೋನಿಯನ್, ಅಂದರೆ ಸರಳ ಪೆಟ್ಟಿಗೆಯ ಮೇಲೆ ಕೂತು ತಿರುಗುವ ಕನ್ನಡಿ ದೂರದರ್ಶಕ, ನಿಲ್ಲಿಸಿದೆ. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳಲ್ಲಿ ಮೊದಲು ಹುಟ್ಟುವ ಮಿಂಟಾಕವನ್ನು ನೋಟದ ಒಂದು ಅಂಚಿಗೆ ತಂದು, ಕೈ ಬಿಟ್ಟು, ಮೊಬೈಲಿನ ಸ್ಟಾಪ್‌ವಾಚ್ ಒತ್ತಿದೆ. ಭೂಮಿ ತಿರುಗಿದಂತೆ ನಕ್ಷತ್ರ ತಾನಾಗಿ ಸರಿದು ಇನ್ನೊಂದು ಅಂಚಿನಲ್ಲಿ ಮರೆಯಾಗುವವರೆಗೆ ಕಾದೆ. ಐಪೀಸ್ ಎಂದರೆ ನಾವು ಕಣ್ಣಿಡುವ ಮಸೂರಗಳ ಸಣ್ಣ ಕೊಳವೆ, ಅದರ ಮೇಲಿನ ಮಿಮೀ ಅದರ ಸಂಗಮದೂರ. ಪ್ಲಾಸಲ್ ಎಂಬ ಸರಳ ಮಾದರಿಯ 40 ಮಿಮೀ ಐಪೀಸಿನಲ್ಲಿ ಸುಮಾರು ಐದು ನಿಮಿಷ ಹಿಡಿಯಿತು. 32 ಮಿಮೀ ಪ್ಲಾಸಲ್‌ನಲ್ಲೂ ಐದು ನಿಮಿಷ. ನೋಟದ ವೃತ್ತ ಕಣ್ಣಿಗೆ 68 ಡಿಗ್ರಿ ಅಗಲವಾಗಿ ತೋರುವ (ಇದೇ ತೋರಿಕೆಯ ಕೋನ) 24 ಮಿಮೀ ಐಪೀಸಿನಲ್ಲೂ ಅದೇ ಐದು ನಿಮಿಷ.

ಅಂದರೆ ಮೂರೂ ತೋರಿಸಿದ್ದು ಆಕಾಶದ ಅಷ್ಟೇ ಅಗಲದ ತುಂಡನ್ನು. ಆದರೆ 40 ಮಿಮೀಯಲ್ಲಿ ಹಿನ್ನೆಲೆ ಬೂದಿ ಬಣ್ಣಕ್ಕಿತ್ತು, 24 ಮಿಮೀಯಲ್ಲಿ ಕಪ್ಪಗಿತ್ತು. ಮಸುಕು ನಕ್ಷತ್ರಗಳು 24 ಮಿಮೀಯಲ್ಲೇ ಹೆಚ್ಚು ಕಂಡವು. ಮಿಮೀ ಹೆಚ್ಚಿದ್ದಷ್ಟೂ ಆಕಾಶ ಹೆಚ್ಚು ಎಂಬ ನಂಬಿಕೆ ನನಗೆ ಆ ರಾತ್ರಿ ಬಿಟ್ಟುಹೋಯಿತು. ಕಡಿಮೆ ವರ್ಧನೆಯ ಐಪೀಸ್ ಕೊಳ್ಳುವಾಗ ನಾವು ಸಾಮಾನ್ಯವಾಗಿ ಅಂಗಡಿಯ ಪಟ್ಟಿಯಿಂದ ಶುರುಮಾಡುತ್ತೇವೆ. ಶುರುಮಾಡಬೇಕಾದದ್ದು ನಮ್ಮ ಕಣ್ಣಿನಿಂದ. ಆಮೇಲೆ ನಮ್ಮ ತಲೆಯ ಮೇಲಿನ ಆಕಾಶ, ಆಮೇಲೆ ಕನ್ನಡಿ. ಐಪೀಸಿನ ಹೆಸರು ಬರುವುದು ಕೊನೆಗೆ. ಲೆಕ್ಕಕ್ಕೆ ಬೇಕಾದ ಎರಡು ಅಂಕಿಗಳನ್ನು ಮೊದಲು ನೋಡಿಕೊಂಡು, ಹೆಚ್ಚು ಕಡಿಮೆ ಅದೇ ಕ್ರಮದಲ್ಲಿ ಹೇಳುತ್ತೇನೆ.

ಮೊದಲ ಹೆಜ್ಜೆ: ಕೊಳವೆಯ ಮೇಲೆ ಬರೆದ ಎರಡು ಅಂಕಿ

ದೂರದರ್ಶಕದ ಮೇಲೆ ಕನ್ನಡಿಯ ವ್ಯಾಸ ಮತ್ತು ಸಂಗಮದೂರ ಬರೆದಿರುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸಿಗುವುದು ಎಫ್ ಅನುಪಾತ. ನನ್ನದು 254 ಮಿಮೀ, 1250 ಮಿಮೀ, ಅಂದರೆ ಎಫ್/4.9. ತುಂಬ ಜನ ಶುರುಮಾಡುವ 130 ಮಿಮೀ ವ್ಯಾಸ, 650 ಮಿಮೀ ಸಂಗಮದೂರದ ನ್ಯೂಟೋನಿಯನ್ (ಕನ್ನಡಿ ದೂರದರ್ಶಕ) ಎಫ್/5. ಸಾಮಾನ್ಯ 8 ಇಂಚಿನ ಡಾಬ್ಸೋನಿಯನ್ 1200 ಮಿಮೀ, ಅಂದರೆ ಎಫ್/6ಕ್ಕೆ ಹತ್ತಿರ. ಐದು, ಅದಕ್ಕಿಂತ ಕೆಳಗಿನವನ್ನು ಫಾಸ್ಟ್ ಎನ್ನುವ ರೂಢಿ. ಆ ಹೆಸರು ಕ್ಯಾಮೆರಾದವರಿಂದ ಬಂದದ್ದು. ನಮಗೆ ಅದರಲ್ಲಿ ಮುಖ್ಯವಾದ ಮಾತು ಒಂದೇ: ಕನ್ನಡಿಯಿಂದ ಬರುವ ಬೆಳಕಿನ ಶಂಕು ಗಿಡ್ಡವಾಗಿ, ಅಗಲವಾಗಿ, ಕಡಿದಾದ ಕೋನದಲ್ಲಿ ಐಪೀಸಿಗೆ ನುಗ್ಗುತ್ತದೆ. ಮುಂದೆ ಬರುವ ತೊಂದರೆಗಳೆಲ್ಲ ಈ ಕಡಿದಿನಿಂದಲೇ ಹುಟ್ಟುವವು.

ಇಲ್ಲೊಂದು ಎಚ್ಚರ. 114 ಮಿಮೀ ವ್ಯಾಸ, 1000 ಮಿಮೀ ಸಂಗಮದೂರ ಎಂದು ಬರೆದಿದ್ದು, ಕೊಳವೆ ನೋಡಿದರೆ ಅರ್ಧ ಮೀಟರೂ ಇಲ್ಲದಿದ್ದರೆ, ಅದರ ಫೋಕಸರ್ (ಐಪೀಸ್ ಹಿಡಿದು ಒಳಗೆ, ಹೊರಗೆ ಸರಿಸುವ ಭಾಗ) ಒಳಗೆ ಸಂಗಮದೂರ ಹಿಗ್ಗಿಸುವ ಮಸೂರ ಕೂತಿದೆ ಎಂದರ್ಥ. ಕೊಳವೆ ಗಿಡ್ಡವಾದರೂ ಅದು ಫಾಸ್ಟ್ ಅಲ್ಲ. ಈ ಲೇಖನದ ಲೆಕ್ಕಗಳನ್ನು ಅದಕ್ಕೆ ಹಾಕುವಾಗ 1000 ಎಂದೇ ಹಿಡಿಯಿರಿ.

ಎರಡನೇ ಹೆಜ್ಜೆ: ಕತ್ತಲಲ್ಲಿ ನಿಮ್ಮ ಪಾಪೆ ಎಷ್ಟು ಹಿಗ್ಗುತ್ತದೆ?

ಹರೆಯದಲ್ಲಿ ಕತ್ತಲಿಗೆ ಹೊಂದಿಕೊಂಡ ಕಣ್ಣಿನ ಪಾಪೆ 7 ಮಿಮೀವರೆಗೆ ಹಿಗ್ಗಬಹುದು. ವಯಸ್ಸಾದಂತೆ ಕುಗ್ಗುತ್ತದೆ, ಐವತ್ತರ ಹೊತ್ತಿಗೆ ಹಲವರಿಗೆ ಐದೂವರೆ, ಐದು. ಆದರೆ ಒಬ್ಬೊಬ್ಬರ ಕಣ್ಣು ಒಂದೊಂದು ಥರ. ವಯಸ್ಸು ನೋಡಿ ಊಹಿಸುವ ಬದಲು ಅಳೆದುಬಿಡುವುದೇ ವಾಸಿ.

ಮನೆಯಲ್ಲೇ ಅಳೆಯಬಹುದು. ಸೈಕಲ್ ರಿಪೇರಿಗೆ ಬಳಸುವ ಆರು ಮೂಲೆಯ ಅಲೆನ್ ಕೀ ಸೆಟ್ ಒಂದಿದ್ದರೆ ಸಾಕು: 4, 5, 6, 7 ಮಿಮೀ. ಕತ್ತಲಲ್ಲಿ ಹದಿನೈದು, ಇಪ್ಪತ್ತು ನಿಮಿಷ ಕೂತು, ಒಂದು ಪ್ರಕಾಶಮಾನ ನಕ್ಷತ್ರವನ್ನು ಒಂದೇ ಕಣ್ಣಿನಲ್ಲಿ ನೋಡಿ. ಕೀಯ ಉದ್ದ ತೋಳನ್ನು ಹುಬ್ಬಿಗೂ ಕೆನ್ನೆಯ ಮೂಳೆಗೂ ಆನಿಸಿ ನೆಟ್ಟಗೆ ಹಿಡಿದು, ಕಣ್ಣಿನ ಮುಂದೆ ನಿಧಾನವಾಗಿ ಅಡ್ಡ ಸರಿಸಿ. ತುದಿ ಕಣ್ಣಿನ ಕಡೆ ತಿರುಗಿರಬಾರದು, ಕಣ್ಣಿಗೆ ತಾಗಲೂಬಾರದು. ಕೀ ನಿಮ್ಮ ಪಾಪೆಗಿಂತ ಅಗಲವಾಗಿದ್ದರೆ ಒಂದು ಕ್ಷಣ ನಕ್ಷತ್ರ ಪೂರ್ತಿ ಆರಿಹೋಗುತ್ತದೆ. ಸಣ್ಣದಾಗಿದ್ದರೆ ಮಂಕಾಗುತ್ತದೆ, ಆರುವುದಿಲ್ಲ. ನನಗೆ 5 ಮಿಮೀಗೆ ನಕ್ಷತ್ರ ಉಳಿಯಿತು, 6ಕ್ಕೆ ಆರಿತು. ಐದೂವರೆ ಎಂದು ಬರೆದಿಟ್ಟುಕೊಂಡೆ. ಎಡಗಣ್ಣು, ಬಲಗಣ್ಣು ಎರಡನ್ನೂ ನೋಡಿ, ಐಪೀಸಿಗೆ ಯಾವುದನ್ನು ಇಡುತ್ತೀರೋ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಮೂರನೇ ಹೆಜ್ಜೆ: ಎಕ್ಸಿಟ್ ಪ್ಯೂಪಿಲ್

ಐಪೀಸ್ ಹಾಕಿದ ದೂರದರ್ಶಕವನ್ನು ಹಗಲು ಆಕಾಶದ ಕಡೆ, ಸೂರ್ಯನಿಂದ ತುಂಬ ದೂರಕ್ಕೆ ತಿರುಗಿಸಿ, ಒಂದಡಿ ಹಿಂದೆ ನಿಂತು ನೋಡಿದರೆ ಕಣ್ಣಿಡುವ ಗಾಜಿನ ಹತ್ತಿರ ಒಂದು ಸಣ್ಣ ಬೆಳಕಿನ ಬಿಲ್ಲೆ ತೇಲುತ್ತಿರುತ್ತದೆ. ಕನ್ನಡಿ ಹಿಡಿದ ಬೆಳಕೆಲ್ಲ ಆ ಬಿಲ್ಲೆಯ ಮೂಲಕವೇ ಹೊರಗೆ ಬರುವುದು. ಅದೇ ಎಕ್ಸಿಟ್ ಪ್ಯೂಪಿಲ್. ಅದರ ಅಳತೆ ತಿಳಿಯಲು ಐಪೀಸಿನ ಸಂಗಮದೂರವನ್ನು ಎಫ್ ಅನುಪಾತದಿಂದ ಭಾಗಿಸಿದರಾಯಿತು. ನನ್ನ ದೂರದರ್ಶಕದಲ್ಲಿ 24 ಮಿಮೀ ಐಪೀಸಿಗೆ 4.9 ಮಿಮೀ, 32ಕ್ಕೆ 6.5, 40ಕ್ಕೆ 8.1.

ಈ ಬಿಲ್ಲೆ ನಿಮ್ಮ ಪಾಪೆಗಿಂತ ದೊಡ್ಡದಾದರೆ ಹೊರಗುಳಿದ ಬೆಳಕು ಕಣ್ಣಿನ ಬಣ್ಣದ ಭಾಗದ ಮೇಲೆ ಬಿದ್ದು ವ್ಯರ್ಥ. 40 ಮಿಮೀ ಹಾಕಿದಾಗ ನನ್ನ ದೂರದರ್ಶಕದ ವರ್ಧನೆ 1250 ಭಾಗಿಸು 40, ಅಂದರೆ 31 ಪಟ್ಟು. ಅದನ್ನು ನನ್ನ ಐದೂವರೆ ಮಿಮೀ ಪಾಪೆಯಿಂದ ಗುಣಿಸಿದರೆ 172 ಮಿಮೀ. ಅಂದರೆ 254 ಮಿಮೀ ಕನ್ನಡಿಯಲ್ಲಿ ನಾನು ಬಳಸುತ್ತಿರುವುದು ಏಳು ಇಂಚಿಗಿಂತ ಕಡಿಮೆ. ಅರ್ಧಕ್ಕಿಂತ ಹೆಚ್ಚು ಬೆಳಕು ಕಣ್ಣಿನ ಹೊರಗೇ ಹೋಯಿತು. ಬೆಳಕನ್ನು ಫೋಕಸರ್ ಕಡೆ ತಿರುಗಿಸಲು ಕೊಳವೆಯ ನಡುವೆ ಕೂತಿರುವ ಓರೆ ಕನ್ನಡಿಯ ನೆರಳು ಮಾತ್ರ ಎಷ್ಟಿತ್ತೋ ಅಷ್ಟೇ ದೊಡ್ಡದಾಗಿ ಉಳಿಯುತ್ತದೆ, ಆದ್ದರಿಂದ ನಷ್ಟ ಇನ್ನೂ ಒಂದಿಷ್ಟು ಜಾಸ್ತಿ.

ಹೀಗಾಗಿ ಮೇಲಿನ ಮಿತಿ ಕಂಡುಹಿಡಿಯುವ ಸೂತ್ರ ಸುಲಭ: ನಿಮ್ಮ ಪಾಪೆಯ ಅಳತೆ ಗುಣಿಸು ಎಫ್ ಅನುಪಾತ. ನನಗೆ 5.5 ಗುಣಿಸು 4.9, ಅಂದರೆ 27 ಮಿಮೀ. ಎಫ್/10 ದೂರದರ್ಶಕ ಇದ್ದಿದ್ದರೆ 55 ಮಿಮೀವರೆಗೂ ಹೋಗಬಹುದಿತ್ತು. ಫಾಸ್ಟ್ ಕನ್ನಡಿಯವರಿಗೆ ಈ ಬಾಗಿಲು ಬೇಗ ಮುಚ್ಚುತ್ತದೆ. ಹಾಗೆಂದು 28, 30 ಮಿಮೀ ಹಾಕಿದರೆ ಅಪರಾಧವೇನಲ್ಲ. ಸ್ವಲ್ಪ ಬೆಳಕು ಹೋದರೂ ಹರವು (ಕಾಣುವ ಆಕಾಶದ ಅಗಲ) ಸಿಗುತ್ತದೆ, ಚಿತ್ರ ಮಂಕಾಗುವುದಿಲ್ಲ. ಆದರೆ 40ಕ್ಕೆ ಕಾರಣವೇ ಇಲ್ಲ.

ಹೊಸದಾಗಿ ಕೊಂಡವರು ಹಗಲು ಹೊತ್ತು ತೆಂಗಿನ ಮರವನ್ನೋ ಮೊಬೈಲ್ ಟವರನ್ನೋ ನೋಡಿ, ನಡುವೆ ಕರೀ ಮಚ್ಚೆ ಕಾಣುತ್ತದೆ ಎಂದು ಗಾಬರಿಯಾಗುವುದು ಉಂಟು. ಐಪೀಸ್ ಕೆಟ್ಟಿಲ್ಲ. ಬಿಸಿಲಿನಲ್ಲಿ ನಿಮ್ಮ ಪಾಪೆ 2, 3 ಮಿಮೀಗೆ ಕುಗ್ಗಿದೆ. ಆರೂವರೆ ಮಿಮೀ ಬಿಲ್ಲೆಯ ನಡುವೆ ಓರೆ ಕನ್ನಡಿಯ ನೆರಳೇ ಒಂದೂವರೆ ಮಿಮೀಗೆ ಮೀರಿದೆ. ಹುಣ್ಣಿಮೆ ಚಂದ್ರನನ್ನು ನೋಡುವಾಗಲೂ ಇದು ಸ್ವಲ್ಪ ಕಾಡುತ್ತದೆ. ಕಡಿಮೆ ವರ್ಧನೆಯ ಐಪೀಸಿನ ಯೋಗ್ಯತೆ ಗೊತ್ತಾಗುವುದು ಕತ್ತಲಲ್ಲೇ.

ನಾಲ್ಕನೇ ಹೆಜ್ಜೆ: ಹರವು ಎಲ್ಲಿಂದ ಬರುತ್ತದೆ

ಮಿಂಟಾಕದ ಒಗಟಿಗೆ ಉತ್ತರ ಇಲ್ಲಿದೆ. ಐಪೀಸಿನ ಒಳಗೆ ಒಂದು ಉಂಗುರವಿರುತ್ತದೆ, ನಾವು ನೋಡುವ ವೃತ್ತದ ಅಂಚೇ ಅದು. ಅದನ್ನು ಫೀಲ್ಡ್ ಸ್ಟಾಪ್ ಎನ್ನುತ್ತಾರೆ. ಆಕಾಶದ ಎಷ್ಟು ಅಗಲ ಕಾಣುತ್ತದೆ ಎಂಬುದನ್ನು ತೀರ್ಮಾನಿಸುವುದು ಆ ಉಂಗುರದ ವ್ಯಾಸವೇ. ವ್ಯಾಸವನ್ನು ದೂರದರ್ಶಕದ ಸಂಗಮದೂರದಿಂದ ಭಾಗಿಸಿ 57.3ರಿಂದ ಗುಣಿಸಿದರೆ ಡಿಗ್ರಿಯಲ್ಲಿ ಹರವು ಸಿಗುತ್ತದೆ.

ಒಂದೂಕಾಲು ಇಂಚಿನ ಐಪೀಸಿನ ಕೊಳವೆಯೊಳಗೆ ಹಿಡಿಸುವ ಅತಿ ದೊಡ್ಡ ಉಂಗುರ ಸುಮಾರು 27 ಮಿಮೀ. 50 ಡಿಗ್ರಿಯ 32 ಮಿಮೀ ಪ್ಲಾಸಲ್ ಆ ಮಿತಿಯನ್ನು ಮುಟ್ಟಿಬಿಡುತ್ತದೆ. 40 ಮಿಮೀ ಪ್ಲಾಸಲ್‌ಗೂ ಅದೇ ಉಂಗುರ, ಆದ್ದರಿಂದ ಅದರ ತೋರಿಕೆಯ ಕೋನ 43 ಡಿಗ್ರಿ ಆಸುಪಾಸಿಗೆ ಇಳಿದು, ಪೈಪಿನ ಮೂಲಕ ಇಣುಕಿದ ಹಾಗೆ ಕಾಣುತ್ತದೆ. 68 ಡಿಗ್ರಿಯ 24 ಮಿಮೀಗೂ 27 ಮಿಮೀ ಉಂಗುರವೇ. ನನ್ನ ದೂರದರ್ಶಕದಲ್ಲಿ ಮೂರಕ್ಕೂ 1.24 ಡಿಗ್ರಿ. ಹರವು ಒಂದೇ ಆದರೆ 24 ಮಿಮೀಯಲ್ಲಿ ಬಿಲ್ಲೆ ಕಣ್ಣೊಳಗೆ ಪೂರ್ತಿ ಹೋಗುತ್ತದೆ, ವರ್ಧನೆ 52 ಪಟ್ಟು, ಹಿನ್ನೆಲೆ ಕಪ್ಪು.

ಎರಡು ಇಂಚಿನ ಕೊಳವೆಯಲ್ಲಿ 46 ಮಿಮೀ ಉಂಗುರದವರೆಗೆ ಹೋಗಬಹುದು. 82 ಡಿಗ್ರಿಯ 30, 31 ಮಿಮೀ ಐಪೀಸುಗಳ ಉಂಗುರ ಸುಮಾರು 42 ಮಿಮೀ. ನನ್ನ ದೂರದರ್ಶಕದಲ್ಲಿ 1.9 ಡಿಗ್ರಿ, ಎಕ್ಸಿಟ್ ಪ್ಯೂಪಿಲ್ 6.3. 68 ಡಿಗ್ರಿಯ 41 ಮಿಮೀಗೆ 46 ಮಿಮೀ ಉಂಗುರ, 2.1 ಡಿಗ್ರಿ, ಆದರೆ ಎಕ್ಸಿಟ್ ಪ್ಯೂಪಿಲ್ 8.3. ಆ ಕಾಲು ಡಿಗ್ರಿಗಾಗಿ ಅಷ್ಟೊಂದು ಬೆಳಕು ಚೆಲ್ಲಬೇಕೇ? 100 ಡಿಗ್ರಿಯ 21 ಮಿಮೀಗೆ 36 ಮಿಮೀ ಉಂಗುರ, 1.66 ಡಿಗ್ರಿ, ಎಕ್ಸಿಟ್ ಪ್ಯೂಪಿಲ್ 4.3. ಅಗಲದ ತೋರಿಕೆಯ ಕೋನಕ್ಕೆ ಜನ ಯಾಕೆ ಅಷ್ಟು ದುಡ್ಡು ಸುರಿಯುತ್ತಾರೆ ಎಂಬುದು ಈ ಅಂಕಿಗಳಲ್ಲೇ ಇದೆ.

ತಯಾರಕರು ಫೀಲ್ಡ್ ಸ್ಟಾಪ್ ಅಳತೆ ಕೊಟ್ಟಿರದಿದ್ದರೆ ನಾನು ಮಾಡಿದ ಹಾಗೆ ಗಡಿಯಾರ ಹಿಡಿಯಿರಿ. ಮಿಂಟಾಕ ಆಕಾಶದ ವಿಷುವವೃತ್ತಕ್ಕೆ ಅಂಟಿಕೊಂಡೇ ಇದೆ, ಆದ್ದರಿಂದ ಲೆಕ್ಕ ಸಲೀಸು: ನೋಟದ ನಡುಮಧ್ಯದಿಂದ ಹಾಯುವಂತೆ ಬಿಟ್ಟು, ಹಿಡಿದ ಸೆಕೆಂಡುಗಳನ್ನು 240ರಿಂದ ಭಾಗಿಸಿದರೆ ಡಿಗ್ರಿ. ಪ್ಲಾಸಲ್‌ನಂಥ ಸರಳ ಐಪೀಸುಗಳಲ್ಲಿ ಕೆಳಗಿನಿಂದ ನೋಡಿದರೆ ಉಂಗುರ ಕಾಣುತ್ತದೆ, ಕ್ಯಾಲಿಪರ್ ಇಟ್ಟೇ ಅಳೆಯಬಹುದು. ಕೆಳತುದಿಯಲ್ಲೇ ಮಸೂರ ಕೂತಿರುವ, 82 ಡಿಗ್ರಿಯ ನಾಗ್ಲರ್ ಮಾದರಿಗಳಲ್ಲಿ ಅದು ಸಾಗದು.

ಜೂಮ್ ಐಪೀಸಿನ ಆಸೆಯಲ್ಲಿರುವವರಿಗೆ ಒಂದು ಮಾತು: 8ರಿಂದ 24 ಮಿಮೀ ಜೂಮ್‌ಗಳು 24ಕ್ಕೆ ಬಂದಾಗ ಸಾಮಾನ್ಯವಾಗಿ 40 ಡಿಗ್ರಿ ಆಸುಪಾಸಿಗೆ ಕಿರಿದಾಗುತ್ತವೆ. ಅಗಲ ಬೇಕಾದ ಕಡೆಯೇ ಅಗಲ ಸಿಗುವುದಿಲ್ಲ. ಅದನ್ನು ಗ್ರಹಗಳಿಗೆ ಇಟ್ಟುಕೊಳ್ಳಿ.

ಐದನೇ ಹೆಜ್ಜೆ: ಎಲ್ಲಿಂದ ನೋಡುತ್ತೀರಿ, ಏನು ನೋಡುತ್ತೀರಿ

ಆಕಾಶದ ಹಿನ್ನೆಲೆಯ ಹೊಳಪು ಎಕ್ಸಿಟ್ ಪ್ಯೂಪಿಲ್‌ನ ವರ್ಗದಂತೆ ಏರುತ್ತದೆ. ಪಾಪೆ ಪೂರ್ತಿ ಹಿಗ್ಗುವವರ ಕಣ್ಣಿಗೆ 32 ಮಿಮೀಯಲ್ಲಿನ ಹಿನ್ನೆಲೆ 24 ಮಿಮೀಯದಕ್ಕಿಂತ ಸುಮಾರು 1.8 ಪಟ್ಟು ಬೆಳಗಿರುತ್ತದೆ. ಬೆಂಗಳೂರಿನ ಮಹಡಿಯ ಮೇಲೆ ಈಗಾಗಲೇ ಕಿತ್ತಳೆಯಾಗಿರುವ ಆಕಾಶವನ್ನು ಇನ್ನಷ್ಟು ಬೆಳಗಿಸಿ ಏನು ಪ್ರಯೋಜನ? ನಿಜ, ನೀಹಾರಿಕೆಯೂ ಹಿನ್ನೆಲೆಯೂ ಒಟ್ಟಿಗೇ ಮಂಕಾಗುವುದರಿಂದ ಅವುಗಳ ನಡುವಿನ ಅನುಪಾತ ಬದಲಾಗುವುದಿಲ್ಲ. ಆದರೆ ನಕ್ಷತ್ರ ಬರೀ ಚುಕ್ಕೆ. ಹಿನ್ನೆಲೆ ಕಪ್ಪಾದಂತೆ ಅದು ಎದ್ದು ಕಾಣುತ್ತದೆ. ಮಸುಕಾದ ವಸ್ತು ಕಣ್ಣಿಗೆ ದೊಡ್ಡದಾಗಿ ಬಿದ್ದಾಗ ಗುರುತಿಸುವುದೂ ಸುಲಭ. ಊರೊಳಗೆ ನೋಡುವವರಿಗೆ 4ರಿಂದ 5 ಮಿಮೀ ಎಕ್ಸಿಟ್ ಪ್ಯೂಪಿಲ್ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕತ್ತಲ ಊರಿಗೆ ಹೋಗುವ ಅಭ್ಯಾಸವಿದ್ದರೆ ಮಾತ್ರ 6ರ ಕಡೆ ಹೋಗಿ. ಅಲ್ಲಿ ನೀಹಾರಿಕೆಯ ಬೆಳಕನ್ನು ಬಿಟ್ಟು ಉಳಿದದ್ದನ್ನು ತಡೆಯುವ ಯುಎಚ್‌ಸಿ ಅಥವಾ ಓ-III ಫಿಲ್ಟರ್ ಹಾಕುವವರಿಗಂತೂ ದೊಡ್ಡ ಎಕ್ಸಿಟ್ ಪ್ಯೂಪಿಲ್ ವರವೇ ಸರಿ, ಫಿಲ್ಟರ್ ತಿನ್ನುವ ಬೆಳಕನ್ನು ಅದು ತುಂಬಿಕೊಡುತ್ತದೆ.

ಹರವು ಎಷ್ಟು ಬೇಕು? ಕೃತ್ತಿಕೆ ಸುಮಾರು ಎರಡು ಡಿಗ್ರಿ ಹರಡಿದೆ, ಸುತ್ತ ಒಂದಿಷ್ಟು ಕತ್ತಲು ಉಳಿದರೇ ಅದರ ಚೆಂದ. ಕರ್ಕಾಟಕದ ಎಂ44 ನಕ್ಷತ್ರಗುಚ್ಛ ಒಂದೂವರೆ ಡಿಗ್ರಿ. ವೃಶ್ಚಿಕದ ಬಾಲದ ಬಳಿಯ ಎಂ7 ಗುಚ್ಛ ಒಂದೂಕಾಲು ಡಿಗ್ರಿಗೆ ತುಸು ಹೆಚ್ಚು. ಧನುವಿನ ಎಂ8, ಎಂ20 ನೀಹಾರಿಕೆಗಳೆರಡನ್ನೂ ಒಂದೇ ನೋಟದಲ್ಲಿ ಹಿಡಿಯಲು ಎರಡು ಡಿಗ್ರಿಗೆ ಹತ್ತಿರ ಬೇಕು. ಆ ನೋಟ ಒಮ್ಮೆ ಸಿಕ್ಕಿದರೆ ಬಿಡಲು ಮನಸ್ಸಾಗುವುದಿಲ್ಲ. ನಮ್ಮ ಅಕ್ಷಾಂಶದ ಪುಣ್ಯಕ್ಕೆ ಕರೀನಾ ನಕ್ಷತ್ರಪುಂಜದ ಈಟಾ ನೀಹಾರಿಕೆಯೂ ನಮಗೆ ಸಿಗುತ್ತದೆ. ಏಪ್ರಿಲ್ ರಾತ್ರಿಗಳಲ್ಲಿ ಬೆಂಗಳೂರಿನ ಅಕ್ಷಾಂಶದಲ್ಲಿ ದಕ್ಷಿಣ ದಿಗಂತದಿಂದ ಹದಿನೇಳು ಡಿಗ್ರಿ ಮೇಲೇರುತ್ತದೆ, ಅಗಲ ಎರಡು ಡಿಗ್ರಿ. ಒಮೇಗಾ ಸೆಂಟಾರಿ ನಕ್ಷತ್ರಗುಚ್ಛ ಮೂವತ್ತು ಡಿಗ್ರಿ ಏರುತ್ತದೆ, ಅದಕ್ಕೆ ಒಂದು ಡಿಗ್ರಿ ಧಾರಾಳ. ಮೂರು ಡಿಗ್ರಿ ಹರಡಿರುವ ಆಂಡ್ರೊಮಿಡಾ ಗ್ಯಾಲಕ್ಸಿ 10 ಇಂಚಿನ ದೂರದರ್ಶಕದಲ್ಲಿ ಯಾವ ಐಪೀಸಿಗೂ ಪೂರ್ತಿ ಒಳಗಾಗದು, ಅದಕ್ಕೆ ಬೈನಾಕ್ಯುಲರೇ ಸರಿ. 130 ಮಿಮೀ, 650 ಮಿಮೀ ದೂರದರ್ಶಕದವರು ಇಲ್ಲಿ ಅದೃಷ್ಟವಂತರು: ಒಂದೂಕಾಲು ಇಂಚಿನ 24 ಮಿಮೀಯಲ್ಲೇ ಅವರಿಗೆ 2.4 ಡಿಗ್ರಿ.

ಆರನೇ ಹೆಜ್ಜೆ: ಅಂಚಿನ ನಕ್ಷತ್ರ ಯಾಕೆ ಹಾಗೆ ಕಾಣುತ್ತದೆ

ನನಗೆ ತುಂಬ ದಿನ ಅರ್ಥವಾಗದಿದ್ದ ಭಾಗ ಇದು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಮೊದಲು ಕೊಂಡ ಎರಡು ಇಂಚಿನ ಐಪೀಸ್ ಅಗ್ಗದ್ದು, 30 ಮಿಮೀ, ಅಗಲ ಕೋನದ್ದು. ಕೃತ್ತಿಕೆಗೆ ತಿರುಗಿಸಿದೆ. ನಡುವೆ ನಕ್ಷತ್ರಗಳು ಸೂಜಿಮೊನೆ. ಅರ್ಧ ದಾರಿ ದಾಟಿದ ಮೇಲೆ ಒಂದೊಂದೂ ರೆಕ್ಕೆ ಬಿಚ್ಚಿತು. ತೀರ ಅಂಚಿನಲ್ಲಿದ್ದವು ಹಾರುವ ಕೊಕ್ಕರೆಯ ಹಾಗೆ. ಕನ್ನಡಿಯ ಜೋಡಣೆ ತಪ್ಪಿದೆ ಎಂದುಕೊಂಡು ಮೂರು ರಾತ್ರಿ ಸ್ಕ್ರೂ ತಿರುಗಿಸುತ್ತ ಕೂತೆ. ಆಮೇಲೆ ಗೆಳೆಯನೊಬ್ಬನ ಎಫ್/10 ದೂರದರ್ಶಕಕ್ಕೆ ಅದೇ ಐಪೀಸ್ ಹಾಕಿದೆವು. ಕೊಕ್ಕರೆಗಳು ಹೆಚ್ಚು ಕಡಿಮೆ ಮಾಯ! ಐಪೀಸೂ ಕೆಟ್ಟಿರಲಿಲ್ಲ, ಕನ್ನಡಿಯೂ ಕೆಟ್ಟಿರಲಿಲ್ಲ, ಕೂಡಿಬಂದದ್ದು ತಪ್ಪಾಗಿತ್ತು.

ಫಾಸ್ಟ್ ದೂರದರ್ಶಕದ ಅಂಚಿನಲ್ಲಿ ಎರಡು ದೋಷಗಳು ಒಂದರ ಮೇಲೊಂದು ಕೂರುತ್ತವೆ. ಒಂದು ಕೋಮಾ. ಇದು ಕನ್ನಡಿಯದು, ಎಷ್ಟೇ ಒಳ್ಳೆಯ ಪ್ಯಾರಾಬೊಲಾ ಕನ್ನಡಿಗೂ ತಪ್ಪಿದ್ದಲ್ಲ. ಕೋಮಾ ಕಾಣದ ನಡುಭಾಗದ ವ್ಯಾಸ ಎಫ್ ಅನುಪಾತದ ಘನದಂತೆ ಕುಗ್ಗುತ್ತದೆ: ಎಫ್/8ಕ್ಕೆ ಸುಮಾರು 11 ಮಿಮೀ, ಎಫ್/6ಕ್ಕೆ 5ಕ್ಕಿಂತ ತುಸು ಕಡಿಮೆ, ಎಫ್/5ಕ್ಕೆ 3ಕ್ಕೂ ಕಡಿಮೆ, ಎಫ್/4ಕ್ಕೆ ಒಂದೂವರೆ ಮಿಮೀಯೂ ಇಲ್ಲ. 42 ಮಿಮೀ ಉಂಗುರದ ಐಪೀಸ್ ಹಾಕುವವರು ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇನ್ನೊಂದು ಅಸ್ಟಿಗ್ಮ್ಯಾಟಿಸಂ. ಇದು ಐಪೀಸಿನದು; ಕಡಿದಾದ ಶಂಕುವನ್ನು ಅಂಚಿನಲ್ಲಿ ಸರಿಯಾಗಿ ಬಗ್ಗಿಸಲಾಗದೆ ಬರುವಂಥದ್ದು.

ಬೇರೆ ಮಾಡಿ ನೋಡುವುದು ಹೀಗೆ. ಪ್ರಕಾಶಮಾನ ನಕ್ಷತ್ರವನ್ನು ಅಂಚಿಗೆ ತನ್ನಿ. ಚೂಪು ತುದಿ ನಡುವಿನ ಕಡೆ, ಬೀಸಣಿಗೆಯಂಥ ಬಾಲ ಹೊರಗಿನ ಕಡೆ ಇದ್ದರೆ ಕೋಮಾ. ಫೋಕಸ್ ಗುಂಡಿಯನ್ನು ಕೂದಲೆಳೆಯಷ್ಟು ಒಳಗೆ, ಹೊರಗೆ ತಿರುಗಿಸಿ. ನಕ್ಷತ್ರ ಒಂದು ಕಡೆ ನಡುವಿನತ್ತ ಉದ್ದಕ್ಕೆ ಗೆರೆಯಾಗಿ, ಇನ್ನೊಂದು ಕಡೆ ಅದಕ್ಕೆ ಅಡ್ಡಗೆರೆಯಾಗಿ ಮಗುಚಿದರೆ ಅಸ್ಟಿಗ್ಮ್ಯಾಟಿಸಂ. ಅಂಚಿನ ನಕ್ಷತ್ರ ಫೋಕಸ್ ಬದಲಿಸಿದರೆ ಪೂರ್ತಿ ಚುಕ್ಕೆಯಾಗಿ, ಆಗ ನಡುವಿನದು ಉಬ್ಬಿದರೆ ಅದು ಬರೀ ಬಾಗಿದ ನೋಟತಲ. ಚಿಕ್ಕ ವಯಸ್ಸಿನ ಕಣ್ಣು ಅದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ನಲವತ್ತು ದಾಟಿದ ಮೇಲೆ ಕಾಣತೊಡಗುತ್ತದೆ. ಇಷ್ಟೆಲ್ಲ ಪರೀಕ್ಷೆಗೆ ಮುಂಚೆ ಕನ್ನಡಿಗಳ ಜೋಡಣೆ ಸರಿ ಇರಲೇಬೇಕು. ಎಫ್/5ರಲ್ಲಿ ಜೋಡಣೆ ಸ್ವಲ್ಪ ತಪ್ಪಿದರೂ ಕೋಮಾ ನೋಟದ ನಡುವಿಗೇ ಬಂದು ಕೂರುತ್ತದೆ, ನೀವು ಪಾಪದ ಐಪೀಸನ್ನು ಬೈಯುತ್ತೀರಿ.

ಕೋಮಾಗೆ ಔಷಧ ಐಪೀಸಿನ ಮುಂದೆ ಕೂರಿಸುವ ಮಸೂರಗಳ ಕೋಮಾ ಕರೆಕ್ಟರ್, ಅಸ್ಟಿಗ್ಮ್ಯಾಟಿಸಂಗೆ ಔಷಧ ಒಳ್ಳೆಯ ಐಪೀಸ್. ಒಂದರ ರೋಗಕ್ಕೆ ಇನ್ನೊಂದರ ಮದ್ದು ತಾಗದು. ಅಗ್ಗದ ಐಪೀಸಿಟ್ಟುಕೊಂಡು ಕರೆಕ್ಟರ್ ಕೊಂಡವರು ಕೊಕ್ಕರೆಗಳು ಹೋಗಲಿಲ್ಲ ಎಂದು ನೊಂದುಕೊಳ್ಳುತ್ತಾರೆ. ಎಫ್/5 ಆಸುಪಾಸಿನಲ್ಲಿ ಮೊದಲು ಐಪೀಸಿಗೆ ಖರ್ಚು ಮಾಡಿ; ಹೆಚ್ಚಿನ ಪಾಲು ವಿಕಾರ ಅಲ್ಲಿಂದಲೇ ಬರುವುದು. ಒಳ್ಳೆಯ ಐಪೀಸ್ ಬಂದ ಮೇಲೂ ಉಳಿಯುವ ಸಣ್ಣ ಬಾಲಗಳು ನಿಮ್ಮ ಮನಸ್ಸಿಗೆ ಚುಚ್ಚಿದರೆ ಕರೆಕ್ಟರ್. ಎಫ್/4.5ಕ್ಕಿಂತ ಕೆಳಗಿನವರು ಎರಡಕ್ಕೂ ಸೇರಿಸಿಯೇ ಲೆಕ್ಕ ಹಾಕಬೇಕು. ಕರೆಕ್ಟರ್ ವರ್ಧನೆಯನ್ನೂ ಸ್ವಲ್ಪ ಏರಿಸುತ್ತದೆ ಎಂಬುದು ನೆನಪಿರಲಿ. ಟೆಲಿವ್ಯೂ ಪ್ಯಾರಾಕಾರ್ 1.15 ಪಟ್ಟು, ಎಕ್ಸ್‌ಪ್ಲೋರ್ ಸೈಂಟಿಫಿಕ್‌ನವರದ್ದು 1.06 ಪಟ್ಟು. ಪ್ಯಾರಾಕಾರ್ ಹಾಕಿದರೆ ನನ್ನ ದೂರದರ್ಶಕ ಎಫ್/5.7 ಆಗುತ್ತದೆ. ಆಗ 31 ಮಿಮೀಯ ಎಕ್ಸಿಟ್ ಪ್ಯೂಪಿಲ್ 5.5ಕ್ಕೆ ಇಳಿದು, ನನ್ನ ಪಾಪೆಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ.

ಈ ಐಪೀಸುಗಳು ಹುಟ್ಟಿದ ಕತೆಯೂ ಇದಕ್ಕೆ ಸಂಬಂಧಪಟ್ಟದ್ದೇ. ಪ್ಲಾಸಲ್ ವಿನ್ಯಾಸ ವಿಯೆನ್ನಾದ ಗೇಯೋರ್ಗ್ ಸೀಮೋನ್ ಪ್ಲಾಸಲ್ 1860ರಲ್ಲಿ ಮಾಡಿದ್ದು. ಎರ್ಫ್ಲೆ ಮಾದರಿಯ ಅಗಲ ಐಪೀಸುಗಳು ಮೊದಲ ಮಹಾಯುದ್ಧದ ಕಾಲದವು, ಸೈನ್ಯದ ಉಪಕರಣಗಳಿಗಾಗಿ ಬಂದವು. ಸ್ಯಾನ್ ಫ್ರಾನ್ಸಿಸ್ಕೋದ ಜಾನ್ ಡಾಬ್ಸನ್ ಅಗ್ಗದ ಸಾಮಾನುಗಳಿಂದ ದೊಡ್ಡ ಕನ್ನಡಿಯ ದೂರದರ್ಶಕ ಕಟ್ಟಿ ಬೀದಿಗೆ ತಂದ ಮೇಲೆ ದೊಡ್ಡ ಕನ್ನಡಿ ಎಲ್ಲರ ಕೈಗೆಟುಕಿತು. ಕನ್ನಡಿ ದೊಡ್ಡದಾದಂತೆ, ಕೊಳವೆ ಕಾರಿನಲ್ಲಿ ಹಿಡಿಸಬೇಕಲ್ಲ ಎಂದು ಸಂಗಮದೂರ ಗಿಡ್ಡವಾಯಿತು, ಹಳೆಯ ಐಪೀಸುಗಳ ಅಂಚು ಕೆಟ್ಟಿತು. ನಾಸಾದ ಗಗನಯಾತ್ರಿಗಳ ತರಬೇತಿ ಸಿಮ್ಯುಲೇಟರ್‌ಗಳಿಗೆ ಮಸೂರ ವಿನ್ಯಾಸ ಮಾಡುತ್ತಿದ್ದ ಆಲ್ ನಾಗ್ಲರ್ 1977ರಲ್ಲಿ ಟೆಲಿವ್ಯೂ ಶುರುಮಾಡಿ, ಕೆಲವೇ ವರ್ಷಗಳಲ್ಲಿ ಫಾಸ್ಟ್ ಕನ್ನಡಿಗೂ ಅಂಚಿನವರೆಗೆ ಚುಕ್ಕೆ ಉಳಿಸುವ 82 ಡಿಗ್ರಿ ಐಪೀಸ್ ತಂದರು. ಇವತ್ತು ಹಲವು ಕಂಪನಿಗಳ 68, 82 ಡಿಗ್ರಿ ಐಪೀಸುಗಳು ಅದೇ ದಾರಿ ಹಿಡಿದಿವೆ, ಬೆಲೆಯೂ ಇಳಿದಿದೆ.

ಏಳನೇ ಹೆಜ್ಜೆ: ಕನ್ನಡಕ, ತೂಕ, ಫೋಕಸರ್

ಕಣ್ಣಿಗೇ ಅಸ್ಟಿಗ್ಮ್ಯಾಟಿಸಂ ಇದ್ದರೆ ದೊಡ್ಡ ಎಕ್ಸಿಟ್ ಪ್ಯೂಪಿಲ್‌ನಲ್ಲಿ ಅದು ಬಯಲಾಗುತ್ತದೆ, ಹೆಚ್ಚು ವರ್ಧನೆಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ನೋಟದ ನಡುವಿನ ನಕ್ಷತ್ರಕ್ಕೇ ಕೊಂಬು ಮೂಡಿದ್ದರೆ ತಲೆಯನ್ನು ಓರೆ ಮಾಡಿ. ಕೊಂಬೂ ಜೊತೆಗೇ ತಿರುಗಿದರೆ ದೋಷ ಕಣ್ಣಿನದು. ಅಂಥವರು ಕನ್ನಡಕ ಹಾಕಿಕೊಂಡೇ ನೋಡಬೇಕು, ಅದಕ್ಕೆ ಗಾಜಿನಿಂದ ಕಣ್ಣಿಗೆ 20 ಮಿಮೀ ಆಸುಪಾಸು ಅಂತರ ಬಿಡುವ ಐಪೀಸ್ ಬೇಕು. 32 ಮಿಮೀ ಪ್ಲಾಸಲ್ ಇದರಲ್ಲಿ ಆರಾಮ. ಟೆಲಿವ್ಯೂನವರ 68 ಡಿಗ್ರಿಯ 24 ಮಿಮೀ ಪ್ಯಾನಾಪ್ಟಿಕ್ 15 ಮಿಮೀ ಮಾತ್ರ ಬಿಡುತ್ತದೆ, ಕನ್ನಡಕದವರಿಗೆ ಅಂಚು ಸಿಗದು. ಬರೀ ದೂರದೃಷ್ಟಿ, ಹತ್ತಿರದೃಷ್ಟಿಯ ಕನ್ನಡಕವಾದರೆ ತೆಗೆದಿಟ್ಟು ಫೋಕಸ್ ಸರಿಮಾಡಿಕೊಂಡರಾಯಿತು.

82 ಡಿಗ್ರಿಯ 31 ಮಿಮೀ ಐಪೀಸ್ ಒಂದು ಕೇಜಿ ತೂಗುತ್ತದೆ. ಡಾಬ್ಸೋನಿಯನ್ ಬಾಯಿಯ ಹತ್ತಿರ ಒಂದು ಸೇರು ಕಲ್ಲು ಕಟ್ಟಿದ ಹಾಗೆ. ದಿಗಂತದ ಹತ್ತಿರ ಹೋದಾಗ ಕೊಳವೆ ತಾನಾಗಿ ಕುಸಿಯುತ್ತದೆ. ಹಿಂಬದಿಗೆ ಅಯಸ್ಕಾಂತದ ತೂಕ ಅಂಟಿಸಿ ಸರಿದೂಗಿಸಬಹುದು, ಕೊಳವೆ ಕಬ್ಬಿಣದ್ದಾಗಿದ್ದರೆ. ಫೋಕಸರ್ ಎರಡು ಇಂಚಿನದೇ ಎಂದು ನೋಡಿ. 130 ಮಿಮೀ ಮಾದರಿಗಳಲ್ಲಿ ಎಷ್ಟೋ ಒಂದೂಕಾಲು ಇಂಚಿನವೇ. ಕೊಳ್ಳುವ ಮುಂಚೆ ಸಾಧ್ಯವಾದರೆ ಅದೇ ಐಪೀಸ್ ಇರುವವರಿಂದ ಒಂದು ರಾತ್ರಿಗೆ ಕೇಳಿ ತಂದು ನಿಮ್ಮ ಫೋಕಸರ್‌ನಲ್ಲಿ ಹಾಕಿ. ಕೆಲವು ಐಪೀಸುಗಳು ಒಳಗೆ ಇನ್ನೂ ಜಾಗ ಬೇಡುತ್ತವೆ, ಫೋಕಸರ್ ಪೂರ್ತಿ ಒಳಗೆ ಹೋದರೂ ಚಿತ್ರ ಕೂರುವುದಿಲ್ಲ.

ಹಾಗಾದರೆ ಯಾವುದು?

130 ಮಿಮೀ ಎಫ್/5ರವರು, ಕೈಯಲ್ಲಿ ದುಡ್ಡಿದ್ದರೆ 68 ಡಿಗ್ರಿಯ 24 ಮಿಮೀ. ಇಲ್ಲದಿದ್ದರೆ 32 ಮಿಮೀ ಪ್ಲಾಸಲ್. ಕಿರಿಯ ಕಣ್ಣಿಗೆ, ಕತ್ತಲ ಊರಿಗೆ ಅದು ಒಳ್ಳೆಯ ಜೋಡಿ, ಕಿರಿದಾದ ಕೋನದಿಂದಾಗಿ ಅಂಚೂ ಅಷ್ಟು ಕೆಡುವುದಿಲ್ಲ. 8 ಇಂಚಿನ ಎಫ್/6ರವರಿಗೆ ಆಯ್ಕೆ ಸುಲಭ: 82 ಡಿಗ್ರಿಯ 30, 31 ಮಿಮೀಯಲ್ಲಿ ಎರಡು ಡಿಗ್ರಿ ಹರವು, 5.2 ಮಿಮೀ ಆಸುಪಾಸು ಎಕ್ಸಿಟ್ ಪ್ಯೂಪಿಲ್. 68 ಡಿಗ್ರಿಯ 35 ಮಿಮೀ ಕೂಡ ಸರಿ. 10 ಇಂಚಿನ ಎಫ್/5ರವರು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಮಹಡಿಯಿಂದ ನೋಡುವವರಾದರೆ 68 ಡಿಗ್ರಿಯ 24 ಮಿಮೀಯಲ್ಲೇ ನಿಲ್ಲಿ. ತಿಂಗಳಿಗೊಮ್ಮೆ ಹಳ್ಳಿಗೆ ಓಡುವವರಾದರೆ 82 ಡಿಗ್ರಿಯ 30, 31 ಮಿಮೀ. ಇದರಲ್ಲಿ ಮೇಲ್ದರ್ಜೆಯದು 8 ಇಂಚಿನ ಡಾಬ್ಸೋನಿಯನ್‌ನ ಬೆಲೆಯನ್ನೇ ಮುಟ್ಟುತ್ತದೆ, ಆದ್ದರಿಂದ ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಬಿಡಬೇಡಿ. ಎಫ್/4ರ ದೊಡ್ಡ ಕನ್ನಡಿಯವರಿಗೆ 21 ಮಿಮೀ ಸುತ್ತಲಿನ 100 ಡಿಗ್ರಿ ಐಪೀಸು ಮತ್ತು ಕರೆಕ್ಟರ್. ಅಗ್ಗದ ದಾರಿ ಅಲ್ಲಿ ನನಗೆ ಕಂಡಿಲ್ಲ.

ನನ್ನ ಆಯ್ಕೆ 24 ಮಿಮೀ. ವರ್ಷದಲ್ಲಿ ಹೆಚ್ಚು ರಾತ್ರಿ ದೂರದರ್ಶಕದಲ್ಲಿ ಇರುವುದು ಅದೇ. ಒಳ್ಳೆಯ 30 ಮಿಮೀಯನ್ನು ತೋಟಕ್ಕೆ ಹೋಗುವಾಗ ಗೆಳೆಯನಿಂದ ಕೇಳಿ ಒಯ್ಯುತ್ತೇನೆ.

ಬಂದ ಮೇಲೆ ಮೊದಲ ರಾತ್ರಿ

ಸೆಕೆಂಡ್ ಹ್ಯಾಂಡ್ ಆದರೆ ಕತ್ತಲೆ ಕೋಣೆಯಲ್ಲಿ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಚಿಂತೆಯಿಲ್ಲ. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆ ಕಂಡರೆ ಫಂಗಸ್, ವಾಪಸ್ ಕೊಡಿ. ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ತಣಿಸಿ, ಜೋಡಣೆ ಸರಿಮಾಡಿ, ನಕ್ಷತ್ರವನ್ನು ನಡುವಿನಿಂದ ಅಂಚಿಗೆ ನಿಧಾನವಾಗಿ ಒಯ್ಯಿರಿ. ಎಷ್ಟು ದೂರದಲ್ಲಿ ಚುಕ್ಕೆ ಚುಕ್ಕೆಯಾಗಿ ಉಳಿಯುವುದಿಲ್ಲ ಎಂದು ಬರೆದಿಡಿ. ಮುಕ್ಕಾಲು ದಾರಿವರೆಗೆ ಚೊಕ್ಕವಾಗಿದ್ದರೆ ಎಫ್/5ಕ್ಕೆ ಒಳ್ಳೆಯ ಐಪೀಸ್ ಎನ್ನಬಹುದು. ನಾವು ನೋಡುವುದು ನಡುವಿನಲ್ಲಿ, ಅಂಚು ಇರುವುದು ಹುಡುಕಲು.

ಮಲೆನಾಡು, ಕರಾವಳಿಯವರು ಒಂದು ಕೆಲಸ ತಪ್ಪಿಸಬಾರದು. ರಾತ್ರಿ ಇಬ್ಬನಿ ಹಿಡಿದ ಐಪೀಸಿಗೆ ಕೂಡಲೇ ಮುಚ್ಚಳ ಹಾಕಿ ಪೆಟ್ಟಿಗೆಗೆ ತುಂಬಬೇಡಿ. ಮನೆಗೆ ತಂದು, ತೆರೆದಿಟ್ಟು, ಬಟ್ಟೆಯಿಂದ ಒರೆಸದೆ ತಾನಾಗಿ ಒಣಗಲು ಬಿಡಿ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಬಿಡುವುದಿಲ್ಲ, ಡಬ್ಬಿ ತೆರೆಯುವ ನೆನಪೂ ಆಗುವುದಿಲ್ಲ. ಅದಕ್ಕೇ ನಾನು ತಿಂಗಳ ಮೊದಲ ಭಾನುವಾರ ಸಿಲಿಕಾ ಜೆಲ್‌ನ ಬಣ್ಣ ನೋಡಿ, ಬದಲಾಗಿದ್ದರೆ ಒಲೆಯ ಮೇಲಿನ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕುತ್ತೇನೆ. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸುವುದಿಲ್ಲ.